ಗಂಟೆ ಯಾವಾಗ ಬಾರಿಸುತ್ತದೋ! – ಎಡ್ಸ್‌ಗರ್ ಡೈಕ್‌ಸ್ಟ್ರಾ

ಮಕ್ಕಳೇ, 47ನ್ನು 5ರಿಂದ ಗುಣಿಸಿ ನೋಡಿ. ಐದೇಳ್ಲ ಮೂವತ್ತೈದು. 5 ಬರೆದಿರಿ, 3 ಕೈಯಲ್ಲಿ ಉಳಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರು. ನೀವು ಎದ್ದು ಹೋಗಿ, ಮಾತಾಡಿ, ಮತ್ತೆ ಬಂದು ಕೂತಿರಿ. ಕೈಯಲ್ಲಿದ್ದ 3 ನೆನಪಿದ್ದರೆ ಉತ್ತರ 235. ಮರೆತಿದ್ದರೆ 205! ತಪ್ಪು ಎಲ್ಲಾಯಿತೆಂದು ತಿಳಿಯಲು ಅದೇ ಲೆಕ್ಕವನ್ನು ಇನ್ನೊಮ್ಮೆ ಮಾಡುತ್ತೀರಿ. ಈ ಸಲ ಯಾರೂ ಕರೆಯುವುದಿಲ್ಲ, ಉತ್ತರ ಸರಿಯಾಗಿಯೇ ಬರುತ್ತದೆ. ತಪ್ಪು ಸಿಗುವುದೇ ಇಲ್ಲ.

ಗಣಕಯಂತ್ರದಲ್ಲಿ ಹೀಗಾದರೆ ಏನು ಗತಿ? ಈ ಚಿಂತೆ ಒಬ್ಬ ಯುವಕನ ನಿದ್ದೆ ಕೆಡಿಸಿತ್ತು. ಅವರೇ ಎಡ್ಸ್‌ಗರ್ ಡೈಕ್‌ಸ್ಟ್ರಾ.

ಡೈಕ್‌ಸ್ಟ್ರಾ ಹುಟ್ಟಿದ್ದು 1930ರ ಮೇ 11ರಂದು, ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮ್ ನಗರದಲ್ಲಿ. ತಂದೆ ರಸಾಯನ ವಿಜ್ಞಾನದ ಶಿಕ್ಷಕರು, ತಾಯಿ ಗಣಿತ ಬಲ್ಲವರು. ಲೈಡನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದುತ್ತಿದ್ದಾಗಲೇ, 1952ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಸೇರಿದರು. ಆಗ ಅಂಥ ಉದ್ಯೋಗವೊಂದು ಇದೆಯೆಂದು ಜನರಿಗೆ ಗೊತ್ತೇ ಇರಲಿಲ್ಲ. 1957ರಲ್ಲಿ ಮದುವೆಯಾದಾಗ ನೋಂದಣಿ ಪುಸ್ತಕದಲ್ಲಿ ಉದ್ಯೋಗ ಬರೆಸಬೇಕಾಯಿತು. ಪ್ರೋಗ್ರಾಮರ್ ಎಂದರೆ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಭೌತವಿಜ್ಞಾನಿ ಎಂದು ಬರೆಸಿದರು!

ಅದಕ್ಕೂ ಒಂದು ವರ್ಷ ಮುಂಚಿನ ಮಾತು. ಮುಂದೆ ಮಡದಿಯಾಗಲಿದ್ದ ರಿಯಾ ಅವರೊಡನೆ ಅಂಗಡಿ ಸುತ್ತಿ ದಣಿದು, ಡೈಕ್‌ಸ್ಟ್ರಾ ಒಂದು ಕಾಫಿ ಅಂಗಡಿಯ ಹೊರಗೆ ಕೂತಿದ್ದರು. ಒಂದೂರಿನಿಂದ ಇನ್ನೊಂದೂರಿಗೆ ಅತಿ ಹತ್ತಿರದ ದಾರಿ ಹುಡುಕುವುದು ಹೇಗೆ ಎಂದು ಯೋಚಿಸಿದರು. ಕಾಗದವಿಲ್ಲ, ಪೆನ್ನಿಲ್ಲ. ಸುಮಾರು 20 ನಿಮಿಷದಲ್ಲಿ ವಿಧಾನ ಹೊಳೆಯಿತು. ರಾಯಚೂರು ಜಿಲ್ಲೆಯ ನಕ್ಷೆ ತೆಗೆದು ನೋಡಿ. ಮಾನ್ವಿಯಿಂದ ದೇವದುರ್ಗಕ್ಕೆ ರಾಯಚೂರಿಗೆ ಹೋಗಿ ಅಲ್ಲಿಂದಲೂ ಹೋಗಬಹುದು, ಸಿರವಾರದ ಮೇಲೂ ಹೋಗಬಹುದು. ಸಿರವಾರದ ದಾರಿ ಹತ್ತಿರವೆಂದು ನಮಗೆ ಕಣ್ಣಿಗೇ ಕಾಣುತ್ತದೆ. ನೂರಾರು ಊರುಗಳಿದ್ದರೆ? ಆಗ ಡೈಕ್‌ಸ್ಟ್ರಾ ವಿಧಾನ ಬೇಕು. ಅಂತರಜಾಲದಲ್ಲಿ ಸಂದೇಶಗಳಿಗೆ ದಾರಿ ತೋರಿಸುವ ಎಷ್ಟೋ ಯಂತ್ರಗಳು ಇದೇ ವಿಧಾನವನ್ನು ಬಳಸುತ್ತವೆ.

ಇದರಿಂದ ಅವರ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು. ಆದರೆ ಅವರನ್ನು ಹೆಚ್ಚು ಕಾಡಿದ್ದು ಬೇರೆಯೇ ಒಂದು ಸಂಗತಿ.

ಅವರ ಗೆಳೆಯರಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಕ್ಸ್1 ಎಂಬ ಹೊಸ ಗಣಕದ ವಿನ್ಯಾಸ ಮಾಡುತ್ತಿದ್ದರು. ಆಗಿನ ಗಣಕಗಳಲ್ಲಿ ಒಂದು ತೊಡಕಿತ್ತು. ಉತ್ತರ ಅಚ್ಚು ಮಾಡುವ ಬೆರಳಚ್ಚು ಯಂತ್ರ ಬಹಳ ನಿಧಾನ. ಅದು ಒಂದು ಅಕ್ಷರ ಹೊಡೆಯುವಷ್ಟರಲ್ಲಿ ಗಣಕ ನೂರಾರು ಕೂಡುವ ಲೆಕ್ಕ ಮಾಡಬಲ್ಲದು. ಆದರೂ ಸುಮ್ಮನೆ ಕಾಯಬೇಕಿತ್ತು. ಗೆಳೆಯರು ಒಂದು ಉಪಾಯ ಹೇಳಿದರು. ಗಣಕ ತನ್ನ ಪಾಡಿಗೆ ಲೆಕ್ಕ ಮಾಡುತ್ತಿರಲಿ, ಅಚ್ಚು ಮುಗಿದಾಗ ಬೆರಳಚ್ಚು ಯಂತ್ರವೇ ಸಂಕೇತ ಕೊಟ್ಟು ಕರೆಯಲಿ. ಈ ಕರೆಗೆ ಇಂಟರಪ್ಟ್ ಎಂದು ಹೆಸರು. ಕೆಲಸದ ನಡುವೆ ಬಾರಿಸುವ ಗಂಟೆ ಎನ್ನಿ.

ಡೈಕ್‌ಸ್ಟ್ರಾ ಹೆದರಿಬಿಟ್ಟರು! ಗಂಟೆ ಯಾವ ಕ್ಷಣದಲ್ಲಿ ಬಾರಿಸುತ್ತದೋ ಯಾರಿಗೂ ತಿಳಿಯದು. ಇಂದು ಬಾರಿಸಿದ ಕ್ಷಣದಲ್ಲೇ ನಾಳೆಯೂ ಬಾರಿಸುವುದಿಲ್ಲ. ಹಾಗಾದರೆ ಒಮ್ಮೆ ಕಂಡ ತಪ್ಪನ್ನು ಮತ್ತೆ ಕಾಣುವುದು ಹೇಗೆ? ನಿಮ್ಮ 205ರ ಕಥೆ ಇದೇ ಅಲ್ಲವೇ? ಕೆಲವು ತಿಂಗಳು ಅವರು ಒಪ್ಪಲೇ ಇಲ್ಲ.

ಕೊನೆಗೆ ಒಪ್ಪಿ, ಆ ಗಂಟೆಗೆ ಓಗೊಡುವ ಪ್ರೋಗ್ರಾಮನ್ನು ತಾವೇ ಬರೆದರು. ಗಂಟೆ ಬಾರಿಸಿದೊಡನೆ ಗಣಕ ಮೊದಲು ತನ್ನ ಕೈಯಲ್ಲಿರುವ ಅಂಕಿಗಳನ್ನೆಲ್ಲ ಬರೆದಿಡಬೇಕು. ಅಷ್ಟು ಹೊತ್ತು ಇನ್ನೊಂದು ಗಂಟೆಗೆ ಕಿವಿ ಮುಚ್ಚಿಕೊಂಡಿರಬೇಕು. ಕರೆದವರ ಕೆಲಸ ಮುಗಿಸಿ, ಬರೆದಿಟ್ಟ ಅಂಕಿಗಳನ್ನು ಇದ್ದಂತೆಯೇ ಮರಳಿ ತೆಗೆದುಕೊಂಡು, ಬಿಟ್ಟ ಜಾಗದಿಂದಲೇ ಮುಂದುವರಿಯಬೇಕು. ಓಡಿಸಿ ನೋಡಿ ಸರಿಯಿದೆ ಎಂದರೆ ಇಲ್ಲಿ ಸಾಲದು. ಯಾವ ಕ್ಷಣದಲ್ಲಿ ಗಂಟೆ ಬಾರಿಸಿದರೂ ತಪ್ಪಾಗದೆಂದು ತರ್ಕದಿಂದಲೇ ತೋರಿಸಬೇಕು. 1959ರಲ್ಲಿ ಅವರು ಡಾಕ್ಟರೇಟ್ ಪಡೆದದ್ದು ಈ ಕೆಲಸಕ್ಕಾಗಿಯೇ.

ಇಂದಿನ ಗಣಕಗಳಲ್ಲೂ ಈ ಗಂಟೆ ಇದೆ. ರಾಯಚೂರಿನಿಂದ ದೇವದುರ್ಗದ ಒಂದು ಗಣಕಕ್ಕೆ ಸಂದೇಶ ಬಂತೆನ್ನಿ. ಅದನ್ನು ಹಿಡಿದುಕೊಳ್ಳುವ ನೆಟ್‌ವರ್ಕ್ ಕಾರ್ಡ್ ಗಂಟೆ ಬಾರಿಸಿ ಗಣಕವನ್ನು ಕರೆಯುತ್ತದೆ. ಇನ್ನೂ ಸೋಜಿಗವೆಂದರೆ, ಕೆಲವೊಮ್ಮೆ ಆ ಕಾರ್ಡ್ ನಿಜವಾಗಿ ಇರುವುದೇ ಇಲ್ಲ! ಒಂದು ಪ್ರೋಗ್ರಾಮೇ ಕಾರ್ಡಿನ ವೇಷ ಹಾಕಿರುತ್ತದೆ. ಬಯಲಾಟದಲ್ಲಿ ವೇಷ ಹಾಕಿದವರು ಮಾತು ತಪ್ಪಬಾರದು ತಾನೆ? ಹಾಗೆಯೇ ಈ ವೇಷದ ಕಾರ್ಡು ಸಂದೇಶ ಬಂದಾಗ ಗಂಟೆ ಬಾರಿಸಲೇಬೇಕು. ಬಾರಿಸದಿದ್ದರೆ ಗಣಕ ಕಾಯುತ್ತಲೇ ಕೂರುತ್ತದೆ. ಗಣಕ ಎಲ್ಲ ಸಂದೇಶಗಳನ್ನೂ ತೆಗೆದುಕೊಂಡ ಮೇಲೆ ಗಂಟೆ ನಿಲ್ಲಬೇಕು. ನಿಲ್ಲದಿದ್ದರೆ ಗಣಕ ಮತ್ತೆ ಮತ್ತೆ ಓಡಿ ಬಂದು ಬೇರೆ ಕೆಲಸವನ್ನೇ ಬಿಟ್ಟುಬಿಡುತ್ತದೆ. ಒಂದು ಸಂದೇಶ ತೆಗೆಯುತ್ತಿರುವಾಗಲೇ ಇನ್ನೊಂದು ಬಂದರೆ ಅದೂ ಲೆಕ್ಕದಲ್ಲಿರಬೇಕು. ಇಂಥ ತಪ್ಪು ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ತಲೆ ಹಾಕಿ ಮರೆಯಾಗುತ್ತದೆ. ಡೈಕ್‌ಸ್ಟ್ರಾ ಅವರ ಹೆದರಿಕೆ ಸುಳ್ಳಾಗಿರಲಿಲ್ಲ.

1962ರಲ್ಲಿ ಅವರು ಐಂಡ್‌ಹೋವೆನ್‌ನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಒಂದೇ ಗಣಕದಲ್ಲಿ ಹಲವು ಪ್ರೋಗ್ರಾಮುಗಳು ಜಗಳವಿಲ್ಲದೆ ನಡೆಯುವ ವ್ಯವಸ್ಥೆಯನ್ನು ತಮ್ಮ ತಂಡದೊಡನೆ ಕಟ್ಟಿದರು. ಇದಕ್ಕೆ ಅವರು ಮಾದರಿ ತಂದದ್ದು ರೈಲು ದಾರಿಯಿಂದ! ಹಿಂದೆ ನಿಲ್ದಾಣಗಳ ಬಳಿ ಕೈಮರಗಳಿರುತ್ತಿದ್ದವು. ಕೈ ಅಡ್ಡ ಚಾಚಿದ್ದರೆ ರೈಲು ನಿಲ್ಲಬೇಕು, ಬಾಗಿದ್ದರೆ ಮುಂದೆ ಹೋಗಬಹುದು. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ಕೂಡಿದ್ದು ರಾಯಚೂರಿನಲ್ಲಿ. ಎರಡೂ ಕಡೆಯ ಗಾಡಿಗಳು ಒಂದೇ ಹಳಿಗೆ ಒಟ್ಟಿಗೆ ನುಗ್ಗಿದರೆ ಏನಾದೀತು, ಊಹಿಸಿ! ಪ್ರೋಗ್ರಾಮುಗಳ ನಡುವೆಯೂ ಡೈಕ್‌ಸ್ಟ್ರಾ ಇಂಥದೇ ಕೈಮರ ನಿಲ್ಲಿಸಿದರು. ಕೈಮರದ ಇಂಗ್ಲಿಷ್ ಹೆಸರಾದ ಸೆಮಫೋರ್ ಎಂಬುದನ್ನೇ ಅದಕ್ಕೆ ಇಂದಿಗೂ ಬಳಸುತ್ತಾರೆ.

1972ರಲ್ಲಿ ಅವರಿಗೆ ಗಣಕ ವಿಜ್ಞಾನದ ಅತಿ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 1984ರಿಂದ 1999ರವರೆಗೆ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಇಷ್ಟೆಲ್ಲ ಮಾಡಿದ ಇವರು ತಮ್ಮ ಬರಹಗಳಲ್ಲಿ ಬಹುಪಾಲನ್ನು ಶಾಯಿ ಪೆನ್ನಿನಿಂದ, ದುಂಡಾದ ಅಕ್ಷರಗಳಲ್ಲಿ, ಕೈಯಲ್ಲೇ ಬರೆಯುತ್ತಿದ್ದರು. ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ ಗೆಳೆಯರಿಗೆ ಪ್ರತಿ ಕಳಿಸುತ್ತಿದ್ದರು. 2002ರ ಆಗಸ್ಟ್ 6ರಂದು ತಮ್ಮ ದೇಶದ ನ್ಯೂನೆನ್ ಊರಿನಲ್ಲಿ ತೀರಿಕೊಂಡಾಗ ಆ ಸಂಖ್ಯೆ 1,300 ದಾಟಿತ್ತು.