ಪಾವ್ಲೋವ್ ಗಂಟೆ ಬಾರಿಸಿ ನೊಬೆಲ್ ಗೆದ್ದರೇ? ಮನೆಗೆ ನಾಯಿಮರಿ ತಂದವರು ತಿಳಿಯಬೇಕಾದ ನಿಜ

ಮನೆಗೆ ನಾಯಿಮರಿ ಬಂದ ವಾರದೊಳಗೆ ವಾಟ್ಸಾಪ್‌ನಲ್ಲಿ ಸಲಹೆಗಳ ಸುರಿಮಳೆ ಶುರುವಾಗುತ್ತದೆ. ನಾವಿರುವುದು ಪುಟ್ಟೇನಹಳ್ಳಿಯಲ್ಲಿ. ಜೆ.ಪಿ. ನಗರದ ಕಡೆಯದಲ್ಲ, ಯಲಹಂಕ ವಾಯುನೆಲೆಯ ಕಡೆಯದು. ನಮ್ಮ ಮನೆಗೆ ಚುಕ್ಕಿ ಎಂಬ ನಾಡತಳಿಯ ಮರಿ ಬಂದಾಗಲೂ ಹೀಗೇ ಆಯಿತು. ಫ್ಯಾಮಿಲಿ ಗ್ರೂಪ್‌ಗೆ ಬಂದ ಒಂದು ಫಾರ್ವರ್ಡ್‌ನಲ್ಲಿ ಎರಡು ಮಾತುಗಳಿದ್ದವು. ಒಂದು, ರಷ್ಯಾದ ವಿಜ್ಞಾನಿ ಪಾವ್ಲೋವ್ ಗಂಟೆ ಬಾರಿಸಿ ನಾಯಿಗೆ ಜೊಲ್ಲು ಬರಿಸಿದ್ದಕ್ಕೆ ನೊಬೆಲ್ ಪ್ರಶಸ್ತಿ ಬಂತು ಎಂಬುದು. ಇನ್ನೊಂದು, ಮರಿ ಮನೆಯೊಳಗೆ ಉಚ್ಚೆ ಹೊಯ್ದರೆ ಅದರ ಮೂಗನ್ನು ಅಲ್ಲೇ ಉಜ್ಜಿ, ಸುತ್ತಿದ ಪೇಪರ್‌ನಿಂದ ಹೊಡೆಯಬೇಕು, ಇದೇ ಪಾವ್ಲೋವ್ ವಿಧಾನ ಎಂಬುದು.

ವಿಜ್ಞಾನದ ಬರಹಗಳನ್ನೇ ಬರೆಯುವ ನಾವು ಎರಡನೆಯದನ್ನು ನಂಬಿಬಿಟ್ಟೆವು. ನಾಲ್ಕು ದಿನ ಪೇಪರ್ ಸುತ್ತಿ ಹೊಡೆದೆವು. ಐದನೇ ದಿನ ಬೆಳಿಗ್ಗೆ ಪತ್ರಿಕೆ ಬಾಗಿಲಿಗೆ ಬಿದ್ದ ಸದ್ದಿಗೆ ಚುಕ್ಕಿ ಮಂಚದ ಕೆಳಗೆ ನುಗ್ಗಿದಳು, ಹೆದರಿ ಅಲ್ಲೇ ಉಚ್ಚೆ ಮಾಡಿಕೊಂಡಳು. ಆಮೇಲೆಯೇ ನಾವು ಪಾವ್ಲೋವ್ ಬಗ್ಗೆ ಸರಿಯಾಗಿ ಓದಲು ಕುಳಿತದ್ದು. ಫಾರ್ವರ್ಡ್‌ನ ಎರಡೂ ಮಾತುಗಳು ತಪ್ಪು. ಹೇಗೆ ಎಂದು ತಿಳಿಯಲು ಆ ವಿಜ್ಞಾನಿಯ ಬದುಕನ್ನೇ ನೋಡಬೇಕು.

ಪಾದ್ರಿಯಾಗಬೇಕಿದ್ದ ಹುಡುಗ

ಇವಾನ್ ಪೆಟ್ರೋವಿಚ್ ಪಾವ್ಲೋವ್ ಹುಟ್ಟಿದ್ದು 1849ರಲ್ಲಿ, ರಷ್ಯಾದ ರಿಯಾಜಾನ್ ಪಟ್ಟಣದಲ್ಲಿ. ತಂದೆ ಚರ್ಚಿನ ಪಾದ್ರಿ. ಚಿಕ್ಕಂದಿನಲ್ಲಿ ಎತ್ತರದಿಂದ ಬಿದ್ದು ಪೆಟ್ಟು ಮಾಡಿಕೊಂಡಿದ್ದರಿಂದ ಹುಡುಗ ಶಾಲೆಗೆ ಸೇರಿದ್ದೇ 11ನೇ ವಯಸ್ಸಿನಲ್ಲಿ. ತಂದೆಯಂತೆ ಪಾದ್ರಿಯಾಗಲೆಂದು ಧಾರ್ಮಿಕ ಶಾಲೆಗೆ ಸೇರಿಸಿದರು. ಅಲ್ಲಿ ಓದುತ್ತಿದ್ದಾಗ ಅವರಿಗೆ ಡಾರ್ವಿನ್ ವಿಚಾರಗಳೂ, ಮೆದುಳಿನ ಕೆಲಸದ ಬಗ್ಗೆ ಬರೆದ ಸೆಚೆನೊವ್ ಎಂಬ ರಷ್ಯನ್ ವಿಜ್ಞಾನಿಯ ಪುಸ್ತಕವೂ ಹಿಡಿಸಿದವು. 1870ರಲ್ಲಿ ಆ ಓದನ್ನು ಅರ್ಧಕ್ಕೆ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು.

ಮೊದಲ ವರ್ಷಗಳು ಬಡತನದಲ್ಲೇ ಕಳೆದವು. 1881ರಲ್ಲಿ ಸೆರಾಫಿಮಾ ಅವರನ್ನು ಮದುವೆಯಾದರು. ಮೊದಲ ಮಗು ಎಳವೆಯಲ್ಲೇ ತೀರಿಕೊಂಡಿತು. 40 ದಾಟಿದ ಮೇಲೆ ಅವರಿಗೆ ನೆಲೆ ಸಿಕ್ಕಿತು: ಮಿಲಿಟರಿ ವೈದ್ಯಕೀಯ ಅಕಾಡೆಮಿಯಲ್ಲಿ ಪ್ರಾಧ್ಯಾಪಕ ಹುದ್ದೆ, ಹೊಸದಾಗಿ ಶುರುವಾದ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಸ್ವಂತ ಪ್ರಯೋಗಾಲಯ.

ನೊಬೆಲ್ ಬಂದಿದ್ದು ಹೊಟ್ಟೆಯ ಅಧ್ಯಯನಕ್ಕೆ

1904ರಲ್ಲಿ ಪಾವ್ಲೋವ್‌ಗೆ ನೊಬೆಲ್ ಪ್ರಶಸ್ತಿ ಬಂದದ್ದು ನಿಜ. ಅದನ್ನು ಪಡೆದ ಮೊದಲ ರಷ್ಯನ್ ಅವರೇ. ಆದರೆ ಪ್ರಶಸ್ತಿ ಸಂದದ್ದು ಗಂಟೆಗೂ ಅಲ್ಲ, ಕಲಿಕೆಯ ಸಿದ್ಧಾಂತಕ್ಕೂ ಅಲ್ಲ, ಜೀರ್ಣಕ್ರಿಯೆಯ ಅಧ್ಯಯನಕ್ಕೆ. ಆಹಾರ ಬಾಯಿಗೆ ಬಂದಾಗ ಹೊಟ್ಟೆಯಲ್ಲಿ ಯಾವ ರಸ, ಎಷ್ಟು, ಯಾವಾಗ ಸುರಿಯುತ್ತದೆ, ನರಗಳು ಅದನ್ನು ಹೇಗೆ ನಡೆಸುತ್ತವೆ ಎಂದು ಅವರು ತೋರಿಸಿದ್ದರು.

ಇದಕ್ಕಾಗಿ ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಜೀರ್ಣರಸ ಹೊರಗೆ ಬರುವಂತೆ ದಾರಿ ಮಾಡುತ್ತಿದ್ದರು. ಹೀಗೆ ಸಂಗ್ರಹಿಸಿದ ರಸವನ್ನು ಅಜೀರ್ಣಕ್ಕೆ ಔಷಧಿಯಾಗಿ ಮಾರುತ್ತಲೂ ಇದ್ದರು. ನಾಯಿಗಳು ಬದುಕಿ ಉಳಿಯಲೆಂದು ಮನುಷ್ಯರ ಆಪರೇಷನ್ ಥಿಯೇಟರ್‌ನಷ್ಟೇ ಸ್ವಚ್ಛತೆ ಇಟ್ಟಿದ್ದರು. ಆದರೂ ಅನೇಕ ನಾಯಿಗಳು ಸತ್ತವು. ಇಂದಿನ ನಿಯಮಗಳಲ್ಲಿ ಇಂಥ ಬಹಳಷ್ಟು ಪ್ರಯೋಗಗಳಿಗೆ ಅನುಮತಿ ಸಿಗುವುದು ಕಷ್ಟ. ನಮಗೆ ದೊರೆತ ಜ್ಞಾನದ ಹಿಂದೆ ಆ ನಾಯಿಗಳ ನೋವಿದೆ ಎಂಬುದನ್ನು ಮರೆಯಬಾರದು.

ಹೆಜ್ಜೆ ಸಪ್ಪಳ ಕೇಳಿದರೆ ಜೊಲ್ಲು ಏಕೆ?

ಈ ಕೆಲಸದ ನಡುವೆ ಒಂದು ವಿಚಿತ್ರ ಕಾಣಿಸಿತು. ಊಟ ಇನ್ನೂ ಬಂದಿರುತ್ತಿರಲಿಲ್ಲ, ಊಟ ತರುವವನನ್ನು ಕಂಡರೆ, ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ನಾಯಿಗಳ ಬಾಯಲ್ಲಿ ನೀರೂರುತ್ತಿತ್ತು. ಬೇರೆಯವರಾಗಿದ್ದರೆ ಇದು ಪ್ರಯೋಗಕ್ಕೆ ಅಡ್ಡಿ ಎಂದು ಬಿಟ್ಟುಬಿಡುತ್ತಿದ್ದರೇನೋ. ಪಾವ್ಲೋವ್ ಮಾತ್ರ ಮುಂದಿನ 30ಕ್ಕೂ ಹೆಚ್ಚು ವರ್ಷ ಅದನ್ನೇ ಹಿಡಿದು ಕೂತರು.

ನಾಯಿಯ ಕೆನ್ನೆಯಿಂದ ಹೊರಬರುವ ಜೊಲ್ಲಿನ ಹನಿಗಳನ್ನು ಒಂದೊಂದಾಗಿ ಎಣಿಸಿದರು. ಮೊದಲು ಒಂದು ಸೂಚನೆ, ತಕ್ಷಣ ಆಹಾರ. ಕೆಲವು ಸಲ ಹೀಗೆ ಮಾಡಿದರೆ ಆಮೇಲೆ ಸೂಚನೆಗೇ ಜೊಲ್ಲು ಬರುತ್ತಿತ್ತು. ಟಿಇಟಿ, ಬಿ.ಎಡ್ ಪರೀಕ್ಷೆಗೆ ಓದಿದವರಿಗೆ ಇದು ಶಾಸ್ತ್ರೀಯ ಅನುಬಂಧನ ಎಂದು ಗೊತ್ತಿರುತ್ತದೆ.

ಹಾಗಾದರೆ ಗಂಟೆ? ಗಂಟೆಯನ್ನು ಅವರು ಬಳಸಿಯೇ ಇಲ್ಲ ಎನ್ನಲಾಗದು, ಆದರೆ ಅದು ಮುಖ್ಯ ಸಾಧನವಾಗಿರಲಿಲ್ಲ. ಟಿಕ್ ಟಿಕ್ ಎನ್ನುವ ಮೆಟ್ರೊನೋಮ್, ಬಝರ್, ಹಾರ್ಮೋನಿಯಂ, ಬೆಳಕು, ಚರ್ಮಕ್ಕೆ ಸ್ಪರ್ಶ, ಇವೇ ಹೆಚ್ಚು. ಲಯವನ್ನು ಬೇಕಾದಂತೆ ಹೊಂದಿಸಬಹುದಾದ್ದರಿಂದ ಮೆಟ್ರೊನೋಮ್ ಅನುಕೂಲವಾಗಿತ್ತು. ಪಠ್ಯಪುಸ್ತಕಗಳಲ್ಲಿ ಮಾತ್ರ ಗಂಟೆಯೇ ಉಳಿದುಕೊಂಡಿತು.

ವೃತ್ತ ಮತ್ತು ಮೊಟ್ಟೆಯಾಕಾರ

ನಾಯಿ ಸಾಕುವವರು ತಿಳಿಯಲೇಬೇಕಾದ ಪ್ರಯೋಗ ಬೇರೆ ಇದೆ. 1914ರ ಸುಮಾರಿಗೆ ಪಾವ್ಲೋವ್ ಪ್ರಯೋಗಾಲಯದಲ್ಲಿ ಶೆಂಗರ್-ಕ್ರೆಸ್ಟೊವ್ನಿಕೋವಾ ಎಂಬ ಸಂಶೋಧಕಿ ಅದನ್ನು ನಡೆಸಿದರು. ವೃತ್ತ ಕಂಡರೆ ಆಹಾರ, ಮೊಟ್ಟೆಯಾಕಾರ ಕಂಡರೆ ಇಲ್ಲ. ನಾಯಿ ಇದನ್ನು ಬೇಗ ಕಲಿಯಿತು. ಆಮೇಲೆ ಮೊಟ್ಟೆಯಾಕಾರವನ್ನು ಸ್ವಲ್ಪಸ್ವಲ್ಪವೇ ವೃತ್ತದ ಹತ್ತಿರ ತಂದರು. ಉದ್ದ ಮತ್ತು ಅಗಲದ ಅನುಪಾತ 9ಕ್ಕೆ 8 ಆದಾಗ ನಾಯಿಗೆ ವ್ಯತ್ಯಾಸ ತಿಳಿಯದಾಯಿತು. ಪ್ರಯೋಗ ಕೆಲ ವಾರ ಮುಂದುವರಿದಾಗ, ಅದುವರೆಗೆ ಶಾಂತವಾಗಿದ್ದ ಪ್ರಾಣಿ ಕಿರುಚಿತು, ಒದ್ದಾಡಿತು, ಉಪಕರಣಗಳನ್ನು ಕಚ್ಚಿತು. ಹಿಂದೆ ಸುಲಭವಾಗಿ ಗುರುತಿಸುತ್ತಿದ್ದ ಆಕಾರಗಳೂ ಮರೆತುಹೋದವು.

ಅದಕ್ಕೆ ಯಾರೂ ಹೊಡೆದಿರಲಿಲ್ಲ. ಏನು ಮಾಡಿದರೆ ಏನು ಸಿಗುತ್ತದೆ ಎಂಬುದು ಅರ್ಥವಾಗದೇ ಹೋದದ್ದಷ್ಟೇ ಅದರ ಕಷ್ಟ.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಅಜ್ಜಿ ಊಟದ ಹೊತ್ತಿಗೆ ತಟ್ಟೆಯಿಂದ ಚಪಾತಿ ಕೊಡುತ್ತಾರೆ, ಅದೇ ತಟ್ಟೆಗೆ ಮೂಗು ಹಾಕಿದರೆ ಅಪ್ಪ ಗದರುತ್ತಾರೆ. ಒಬ್ಬರು ಕೂತ್ಕೋ ಅಂದರೆ ಇನ್ನೊಬ್ಬರು ಸಿಟ್ ಅನ್ನುತ್ತಾರೆ. ಮರಿ ಮೊಂಡು ಎಂದು ನಾವು ದೂರುತ್ತೇವೆ. ಅದಕ್ಕೆ ಕಾಣುತ್ತಿರುವುದು ವೃತ್ತವೋ ಮೊಟ್ಟೆಯೋ ಎಂಬುದೇ ಗೊತ್ತಿರುವುದಿಲ್ಲ.

ಕ್ರಾಂತಿ, ಹಸಿವು, ಪ್ರವಾಹ

1917ರ ಕ್ರಾಂತಿಯ ನಂತರ ಪಾವ್ಲೋವ್ ನೊಬೆಲ್ ಹಣ ಕಳೆದುಕೊಂಡರು. ಊಟಕ್ಕಾಗಿ ತಾವೇ ತರಕಾರಿ ಬೆಳೆದರು. ಪ್ರಯೋಗಾಲಯದ ನಾಯಿಗಳು ಹಸಿವಿನಿಂದ ಸತ್ತವು. ಅವರು ದೇಶ ಬಿಡಲು ಅನುಮತಿ ಕೇಳಿದಾಗ, 1921ರಲ್ಲಿ ಲೆನಿನ್ ಸರ್ಕಾರ ವಿಶೇಷ ಆದೇಶ ಹೊರಡಿಸಿ ಅವರ ಸಂಶೋಧನೆಗೆ ಸೌಲಭ್ಯ ಕೊಟ್ಟಿತು. ಆ ಸರ್ಕಾರವನ್ನೂ ಅವರು ಬಹಿರಂಗವಾಗಿ ಟೀಕಿಸುತ್ತಲೇ ಇದ್ದರು.

1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ಗೆ ಪ್ರವಾಹ ಬಂತು. ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ನೌಕರರು ಅವನ್ನು ನೀರಿನಲ್ಲಿ ಈಜಿಸಿ ಹೊರತಂದರು. ನಾಯಿಗಳು ಬದುಕಿದವು, ಆದರೆ ಕೆಲವು ತಾವು ಕಲಿತದ್ದನ್ನೆಲ್ಲ ಮರೆತಿದ್ದವು. ತಿಂಗಳುಗಳ ಮೇಲೆ ಒಂದು ನಾಯಿ ಚೇತರಿಸಿಕೊಂಡಿತ್ತು. ಪರೀಕ್ಷೆಗೆಂದು ಬಾಗಿಲ ಕೆಳಗಿಂದ ಸ್ವಲ್ಪ ನೀರು ಹರಿಸಿದರು. ಅಷ್ಟಕ್ಕೇ ಅದು ಮತ್ತೆ ನಡುಗಿತು. ಭಯದ ಪಾಠ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಪಾವ್ಲೋವ್ ಅಂದು ಕಂಡರು.

1935ರಲ್ಲಿ ಅವರ ಸಂಸ್ಥೆಯ ಅಂಗಳದಲ್ಲಿ ಪ್ರಯೋಗದ ನಾಯಿಗಳ ನೆನಪಿಗೆ ಒಂದು ಸ್ಮಾರಕ ಎದ್ದಿತು. 1936ರ ಫೆಬ್ರವರಿ 27ರಂದು, 86ನೇ ವಯಸ್ಸಿನಲ್ಲಿ, ಪಾವ್ಲೋವ್ ನ್ಯುಮೋನಿಯಾದಿಂದ ತೀರಿಕೊಂಡರು.

ಮನೆಯಲ್ಲಿ ಇದನ್ನು ಬಳಸುವುದು ಹೇಗೆ?

ಕೂರುವುದು, ಕರೆದರೆ ಬರುವುದು ಮೊದಲಾದ ಕೆಲಸ ಕಲಿಸಲು ಪಾವ್ಲೋವ್ ಒಬ್ಬರೇ ಸಾಲದು. ಮಾಡಿದ ಕೆಲಸಕ್ಕೆ ಒಳ್ಳೆಯ ಫಲ ಸಿಕ್ಕರೆ ಪ್ರಾಣಿ ಅದನ್ನು ಮತ್ತೆ ಮಾಡುತ್ತದೆ ಎಂದು ವಿವರಿಸಿದವರು ಅಮೆರಿಕದ ಥಾರ್ನ್‌ಡೈಕ್ ಮತ್ತು ಸ್ಕಿನ್ನರ್. ಯಾವ ಸದ್ದು ಒಳ್ಳೆಯದು, ಯಾವುದು ಭಯದ್ದು ಎಂದು ಮರಿ ಹೇಗೆ ಕಲಿಯುತ್ತದೆ ಎಂಬುದಕ್ಕೆ ಪಾವ್ಲೋವ್ ಬೇಕು.

• ಸೂಚನೆ ಮೊದಲು, ತಿಂಡಿ ತಕ್ಷಣ ಆಮೇಲೆ. ತಿಂಡಿ ಕೊಟ್ಟ ಮೇಲೆ ಶಭಾಷ್ ಅಂದರೆ ಆ ಪದಕ್ಕೆ ಬೆಲೆ ಬರುವುದಿಲ್ಲ.
• ಒಂದು ಕೆಲಸಕ್ಕೆ ಒಂದೇ ಪದ, ಮನೆಯವರೆಲ್ಲರಿಗೂ ಒಂದೇ ನಿಯಮ.
• ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಕರೆದೊಯ್ಯಿರಿ. ಅಲ್ಲಿ ಉಚ್ಚೆ ಮಾಡಿದರೆ ಅಲ್ಲೇ ಬಹುಮಾನ. ಒಳಗೆ ಮಾಡಿದರೆ ಸುಮ್ಮನೆ ಒರೆಸಿ. ಎಳೆ ಮರಿಗೆ ಹೆಚ್ಚು ಹೊತ್ತು ತಡೆದುಕೊಳ್ಳಲು ಆಗುವುದಿಲ್ಲ.
• ತಪ್ಪು ನಡೆದ ಎಷ್ಟೋ ಹೊತ್ತಿನ ಮೇಲೆ ಹೊಡೆದರೆ ಮರಿ ಅದನ್ನು ಉಚ್ಚೆಗೆ ಜೋಡಿಸಿಕೊಳ್ಳುವುದಿಲ್ಲ. ನಿಮ್ಮ ಕೈಗೆ, ಪೇಪರ್‌ಗೆ, ನೀವು ಬರುವ ಹೆಜ್ಜೆ ಸಪ್ಪಳಕ್ಕೆ ಜೋಡಿಸಿಕೊಳ್ಳುತ್ತದೆ.
• ಸದ್ದಿಗೆ ಹೆದರುವ ಮರಿಗೆ ಆ ಸದ್ದನ್ನೇ ಫೋನಿನಲ್ಲಿ ತೀರ ಮೆಲ್ಲಗೆ ಕೇಳಿಸಿ, ಜೊತೆಗೆ ಇಷ್ಟದ ತಿಂಡಿ ಕೊಡಿ. ಹೆದರಿಕೆ ಕಾಣದಿದ್ದರೆ ಮಾತ್ರ ದಿನದಿನಕ್ಕೆ ಸ್ವಲ್ಪ ಜೋರು ಮಾಡಿ. ದೀಪಾವಳಿಗೆ ವಾರಗಳ ಮೊದಲೇ ಶುರು ಮಾಡಿ. ನಮ್ಮ ಕಡೆಯವರು ಏರೋ ಇಂಡಿಯಾದ ಜೆಟ್‌ಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಚುಕ್ಕಿಗೆ ನಾವು ಇದನ್ನೇ ಪತ್ರಿಕೆಯೊಂದಿಗೆ ಮಾಡಿದೆವು. ಮೊದಲು ಕೋಣೆಯ ಆ ಮೂಲೆಯಲ್ಲಿ ಪೇಪರ್, ಈ ಮೂಲೆಯಲ್ಲಿ ಬೇಯಿಸಿದ ಮೊಟ್ಟೆ. ದಿನಕ್ಕೆ ಒಂದೊಂದು ಗೇಣು ಹತ್ತಿರ. ಈಗ ಬಿಡಿಸಿಟ್ಟ ಪೇಪರ್ ಮೇಲೆ ಕೂತು ತಿನ್ನುತ್ತಾಳೆ. ಯಾರಾದರೂ ಅದನ್ನು ಸುತ್ತಿದರೆ ಮಾತ್ರ ಇವತ್ತಿಗೂ ಕಿವಿ ಹಿಂದಕ್ಕೆ ಹೋಗುತ್ತದೆ. ನಾಲ್ಕು ದಿನದ ಪಾಠವನ್ನು ಅಳಿಸಲು ನಮಗೆ ನಾಲ್ಕು ತಿಂಗಳು ಸಾಲಲಿಲ್ಲ.

ಒಟ್ಟಾರೆ ಹೇಳುವುದಾದರೆ

ಪಾವ್ಲೋವ್‌ಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಅಧ್ಯಯನಕ್ಕೆ, ಗಂಟೆಗಲ್ಲ. ಹೊಡೆದು ಕಲಿಸುವುದು ಪಾವ್ಲೋವ್ ವಿಧಾನ ಎಂಬುದೂ ಸುಳ್ಳು. ಹೊಡೆತದಿಂದ ಮರಿ ಕಲಿಯುವುದು ಹೊಡೆಯುವವರನ್ನು ಕಂಡು ಹೆದರುವುದನ್ನೇ ಎಂದು ಅವರ ಪ್ರಯೋಗಗಳಿಂದ ತಿಳಿಯುತ್ತದೆ. ಅಂಥ ಫಾರ್ವರ್ಡ್ ನಿಮ್ಮ ಗ್ರೂಪ್‌ಗೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಮನೆಗೆ ಹೊಸದಾಗಿ ಮರಿ ತಂದವರಿದ್ದರೆ ಇದನ್ನು ಕಳಿಸಿ.