ಮೈಕಲ್ ಫ್ಯಾರಡೆಯ ಚರಿತ್ರೆ

ಮೈಕಲ್ ಫ್ಯಾರಡೆಯು 1791ನೆಯ ಇಸವಿಯಲ್ಲಿ ಲಂಡನ್ ಪಟ್ಟಣದ ಬಳಿ ಬಡ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿಗೆ ಸೇರಿ ಏಳು ವರುಷ ದುಡಿದನು. ಕೈಗೆ ಬಂದ ಪುಸ್ತಕವನ್ನು ಓದದೆ ಬಿಡುತ್ತಿರಲಿಲ್ಲ; ವಿದ್ಯುಚ್ಛಕ್ತಿಯ ವಿಷಯದಲ್ಲಿ ಅವನಿಗೆ ಆಸೆ ಹುಟ್ಟಿದ್ದು ಹೀಗೆಯೇ.

1812ರಲ್ಲಿ ಹಂಫ್ರಿ ಡೇವಿಯೆಂಬ ಪಂಡಿತನ ಉಪನ್ಯಾಸಗಳನ್ನು ಕೇಳಿ, ಅಂದವಾಗಿ ಬರೆದು, ತಾನೇ ರಟ್ಟು ಕಟ್ಟಿ, ಕೆಲಸವನ್ನು ಬೇಡಿಕೊಂಡು ಅವನಿಗೆ ಕಳುಹಿಸಿದನು. ರಟ್ಟಿನ ಕಸುಬನ್ನು ಬಿಡಬಾರದೆಂದು ಡೇವಿಯೇ ಬುದ್ಧಿ ಹೇಳಿದನು. ಆದರೂ 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಸ್ಥಾನ ದೊರಕಿತು: ವಾರಕ್ಕೆ 25 ಷಿಲಿಂಗ್ ಸಂಬಳ, ಮಾಳಿಗೆಯ ಮೇಲೆ ಎರಡು ಕೋಣೆ.

ಕೀರ್ತಿ ಬೆಳೆದ ಮೇಲೆ ವ್ಯಾಪಾರಿಗಳು ತಮ್ಮ ಸರಕುಗಳ ಪರೀಕ್ಷೆಗಾಗಿ ಅವನನ್ನು ಹುಡುಕಿಕೊಂಡು ಬಂದರು. 1830ರಲ್ಲಿ ಇದರಿಂದಲೇ ಸಾವಿರ ಪೌಂಡಿಗೂ ಮಿಕ್ಕಿ ವರಮಾನವಾಯಿತು. ಮರುವರುಷ, ತಂತಿಯ ಸುರುಳಿಯೊಳಗೆ ಅಯಸ್ಕಾಂತವನ್ನು ಆಡಿಸಿದರೆ ವಿದ್ಯುತ್ತು ಹರಿಯುವುದೆಂದು ಕಂಡುಹಿಡಿದನು. ವಾಚಕರೇ, 1902ರಲ್ಲಿ ಶಿವನಸಮುದ್ರದಲ್ಲಿ ನೀರಿನ ಬಲದಿಂದ ವಿದ್ಯುತ್ತನ್ನು ಹುಟ್ಟಿಸಿದ್ದು ಇದೇ ನಿಯಮದ ಮೇಲೆ. ಇನ್ನು ಸಂಪಾದನೆ, ಶೋಧನೆ ಎರಡೂ ಒಟ್ಟಿಗೆ ಸಾಗವೆಂದು ಅವನು ಸಂಪಾದನೆಯನ್ನೇ ಕೈಬಿಟ್ಟನು. ಆ ವರಮಾನ 1832ರಲ್ಲಿ 155 ಪೌಂಡಿಗೆ ಇಳಿಯಿತೆಂದು, ಅವನ ಲೆಕ್ಕದ ಪುಸ್ತಕವನ್ನು ನೋಡಿದ ಟಿಂಡಲ್ ಪಂಡಿತನು ಬರೆದಿದ್ದಾನೆ. ಮಕ್ಕಳಿಲ್ಲದವನಿಗೆ ಇದು ಸುಲಭವೆಂದು ಕೆಲವರು ಅಂದಾರು. ಆದರೆ ಬಾಲ್ಯದಲ್ಲಿ ವಾರಕ್ಕೆ ಒಂದೇ ರೊಟ್ಟಿ ಪಾಲಿಗೆ ಬಂದ ದಿನಗಳನ್ನು ಕಂಡವನು ಹಣದ ಬೆಲೆಯನ್ನು ಅರಿಯದವನಲ್ಲ.

ರಾಯಲ್ ಸೊಸೈಟಿಯ ಅಧ್ಯಕ್ಷಸ್ಥಾನವನ್ನು ಅವನು ಒಲ್ಲದೆ ಹೋದನು. ತನ್ನ ಸಣ್ಣ ಸಭೆಯ ಹಿರಿತನವನ್ನೂ, ಕ್ರಿಸ್ಮಸ್ ಕಾಲದಲ್ಲಿ ಮಕ್ಕಳಿಗೆ ಉಪನ್ಯಾಸ ಮಾಡುವುದನ್ನೂ ಸಂತೋಷದಿಂದ ವಹಿಸಿಕೊಂಡನು. 1867ನೆಯ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ, ಕುರ್ಚಿಯಲ್ಲಿ ಕುಳಿತಿದ್ದ ಹಾಗೆಯೇ ತೀರಿಕೊಂಡನು.