ಒಪ್ಪದ ಶಿಷ್ಯನಿಗೂ ಗುರು: ಆದಾಮ್ ಕ್ಷಿಜಾನೋವ್ಸ್ಕಿ

ಗುರುವಿನ ಹಿರಿಮೆಯನ್ನು ನಾವು ಸಾಮಾನ್ಯವಾಗಿ ಆತನ ಮಾತನ್ನು ಮುಂದುವರಿಸಿದ ಶಿಷ್ಯರಿಂದ ಅಳೆಯುತ್ತೇವೆ. ತನ್ನ ಮತವನ್ನು ಒಪ್ಪದ ಶಿಷ್ಯನಿಗೂ ಕೊರತೆಯಿಲ್ಲದೆ ವಿದ್ಯೆಯನ್ನು ಧಾರೆಯೆರೆಯುವ ಗುರುಗಳು ವಿರಳ. ಅಂಥ ವಿರಳರಲ್ಲಿ ಒಬ್ಬರು ಪೋಲೆಂಡ್ ದೇಶದ ಅರ್ಥಶಾಸ್ತ್ರಜ್ಞ ಆದಾಮ್ ಕ್ಷಿಜಾನೋವ್ಸ್ಕಿ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಹೆಸರು ಕಾಣದು. ಆದರೂ ವಿದ್ಯಾರ್ಥಿಗಳಾದ ನಾವು ಅವರ ಜೀವನವನ್ನು ಅರಿಯಬೇಕಾದುದು ಯುಕ್ತ.

ಕ್ಷಿಜಾನೋವ್ಸ್ಕಿಯವರು 1873ನೆಯ ಇಸವಿಯ ಜನವರಿಯಲ್ಲಿ ಕ್ರಾಕೋವ್ ನಗರದಲ್ಲಿ ಜನಿಸಿದರು. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ರಾಜ್ಯವೇ ಇರಲಿಲ್ಲ. ರಷ್ಯ, ಪ್ರಷ್ಯ, ಆಸ್ಟ್ರಿಯ ಎಂಬ ಮೂರು ನೆರೆಯ ಪ್ರಭುತ್ವಗಳು 1795ರ ವೇಳೆಗೆ ಅದನ್ನು ಸಂಪೂರ್ಣವಾಗಿ ಹಂಚಿಕೊಂಡಿದ್ದವು. ಕ್ರಾಕೋವ್ ಆಸ್ಟ್ರಿಯದ ಪಾಲಿಗೆ ಸೇರಿತ್ತು. ಆ ನಗರದ ಯಾಗೆಲ್ಲೋನಿಯನ್ ವಿಶ್ವವಿದ್ಯಾನಿಲಯವು 1364ರಲ್ಲಿ ಸ್ಥಾಪನೆಯಾದ ಪುರಾತನ ವಿದ್ಯಾಕೇಂದ್ರ. ರಾಜ್ಯವನ್ನು ಕಳೆದುಕೊಂಡಿದ್ದ ಜನಾಂಗವು ಅಲ್ಲಿ ತನ್ನ ಭಾಷೆಯಲ್ಲಿಯೇ ಉನ್ನತ ವಿದ್ಯೆಯನ್ನು ಪಡೆಯುತ್ತಿತ್ತು. ಪರಪ್ರಾಂತದಲ್ಲಿದ್ದು ತಾಯ್ನುಡಿಯಲ್ಲಿ ಓದುವ ನಮಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಅದೇ ವಿಶ್ವವಿದ್ಯಾನಿಲಯದಲ್ಲಿ ಕ್ಷಿಜಾನೋವ್ಸ್ಕಿಯವರು ಪ್ರಾಧ್ಯಾಪಕರಾದರು. ಅವರ ಸುತ್ತ ಬೆಳೆದ ಪಂಡಿತವರ್ಗಕ್ಕೆ ಕ್ರಾಕೋವ್ ಪಂಥವೆಂಬ ಹೆಸರು ಬಂದಿತು.

ಅವರು ಉದಾರವಾದಿಗಳು. ಕೊಳ್ಳುವವನಿಗೂ ಮಾರುವವನಿಗೂ ಸ್ವಾತಂತ್ರ್ಯವಿರಬೇಕು. ಸರಕಾರವು ತನ್ನ ಆದಾಯಕ್ಕೆ ತಕ್ಕಂತೆ ವೆಚ್ಚ ಮಾಡಬೇಕು. ನಾಣ್ಯದ ಬೆಲೆ ಸ್ಥಿರವಾಗಿರಬೇಕು. ದುಡಿಮೆ ಮತ್ತು ಉಳಿತಾಯಗಳಿಂದ ಬಂಡವಾಳ ಬೆಳೆಯದೆ ಬಡದೇಶದ ದಾರಿದ್ರ್ಯ ನೀಗದು, ಎಂಬುದು ಅವರ ಸಿದ್ಧಾಂತದ ಸಾರ. ಇದಕ್ಕೆಲ್ಲ ನೀತಿಯೇ ಬುನಾದಿಯೆಂದು ಅವರು ಬಗೆದಿದ್ದರು. ಕೊಟ್ಟ ಮಾತಿಗೆ ತಪ್ಪುವವರ ನಡುವೆ ವ್ಯಾಪಾರವೂ ನಡೆಯದು, ಸಾಲವೂ ಹುಟ್ಟದು.

1918ರಲ್ಲಿ ಪೋಲೆಂಡ್ ಮರಳಿ ಸ್ವತಂತ್ರವಾಯಿತು. ಯುದ್ಧದಿಂದ ಜರ್ಜರಿತವಾಗಿದ್ದ ಹೊಸ ರಾಜ್ಯದಲ್ಲಿ ಆದಾಯ ಕಡಿಮೆ, ವೆಚ್ಚ ಅಪಾರ. ಕೊರತೆಯನ್ನು ತುಂಬಲು ಸರಕಾರವು ನೋಟುಗಳನ್ನು ಅಚ್ಚುಹಾಕುತ್ತ ಹೋಯಿತು. ನೋಟು ಹೆಚ್ಚಿದಂತೆ ಅದರ ಬೆಲೆ ಕುಸಿಯಿತು. ಜೀವಮಾನವೆಲ್ಲ ಕೂಡಿಟ್ಟವರ ಗಂಟು ಕಣ್ಣೆದುರಿಗೇ ಕರಗಿತು. ಕೊನೆಗೆ 1924ರಲ್ಲಿ ಜ್ಲೋಟಿ ಎಂಬ ಹೊಸ ನಾಣ್ಯವನ್ನು ಚಲಾವಣೆಗೆ ತಂದಾಗ, ಒಂದು ಜ್ಲೋಟಿಗೆ 18 ಲಕ್ಷ ಹಳೆಯ ಮಾರ್ಕುಗಳನ್ನು ಕೊಡಬೇಕಾಯಿತು! ಹೊಸ ನಾಣ್ಯವೂ ಬೇಗನೆ ಅಲುಗಾಡಿತು. ಅದಕ್ಕೆ ಭದ್ರತೆ ಒದಗಿಸಲು 1927ರಲ್ಲಿ ವಿದೇಶಗಳಿಂದ 6 ಕೋಟಿ 20 ಲಕ್ಷ ಡಾಲರ್ ಮತ್ತು 20 ಲಕ್ಷ ಪೌಂಡುಗಳ ಸಾಲವನ್ನು ಎತ್ತಲಾಯಿತು. ಈ ಸಾಲಕ್ಕಾಗಿ ಅಮೆರಿಕದಲ್ಲಿ ನಡೆದ ಮಾತುಕತೆಗಳಲ್ಲಿ ಕ್ಷಿಜಾನೋವ್ಸ್ಕಿಯವರೂ ಪಾಲುಗೊಂಡಿದ್ದರು.

1928ರಲ್ಲಿ ಅವರು ಆಡಳಿತ ಪಕ್ಷದ ಕಡೆಯಿಂದಲೇ ಶಾಸನಸಭೆಯನ್ನು ಪ್ರವೇಶಿಸಿದರು. ಎರಡು ವರ್ಷಗಳ ತರುವಾಯ ಪಿಲ್ಸುದ್ಸ್ಕಿಯವರ ಸರಕಾರವು ವಿರೋಧಪಕ್ಷದ ಮುಖಂಡರನ್ನು ಹಿಡಿದು ಬ್ರೆಸ್ತ್ ಕೋಟೆಯಲ್ಲಿ ಸೆರೆಯಿಟ್ಟು ಹಿಂಸಿಸಿತು. ಸೆರೆಯಾದವರು ಎದುರು ಪಕ್ಷದವರು; ಸುಮ್ಮನಿದ್ದರೆ ಕ್ಷಿಜಾನೋವ್ಸ್ಕಿಯವರಿಗೆ ನಷ್ಟವೇನೂ ಇರಲಿಲ್ಲ. ಆದರೆ ಅನ್ಯಾಯವು ತಮ್ಮವರಿಂದಾದರೂ ಅನ್ಯಾಯವೇ ಎಂದು ತಿಳಿದು, 1931ರಲ್ಲಿ ಅವರು ತಮ್ಮ ಸ್ಥಾನವನ್ನೇ ತ್ಯಜಿಸಿದರು.

ರಾಜಕೀಯದಲ್ಲಿ ತೋರಿದ ಈ ನ್ಯಾಯಬುದ್ಧಿಯೇ ಅವರ ಪಾಠದ ಕೊಠಡಿಯಲ್ಲಿಯೂ ನೆಲಸಿತ್ತು. ಅವರ ಶಿಷ್ಯರಲ್ಲಿ ಇಬ್ಬರನ್ನು ಇಲ್ಲಿ ಸ್ಮರಿಸೋಣ. ಮೊದಲನೆಯವರು ಆದಾಮ್ ಹೈಡೆಲ್. ಇವರು ಗುರುವಿನಂತೆಯೇ ಉದಾರವಾದಿಗಳು; ಉದ್ಯಮಗಳಲ್ಲಿ ಸರಕಾರ ಕೈಹಾಕುವುದನ್ನು ತೀವ್ರವಾಗಿ ಖಂಡಿಸಿದವರು. ಇನ್ನೊಬ್ಬರು ಆಸ್ಕರ್ ಲಾಂಗೆ. ಇವರು ತಾರುಣ್ಯದಿಂದಲೇ ಸಮಾಜವಾದಿಗಳು. ಗುರುವಿನ ಸಿದ್ಧಾಂತಕ್ಕೆ ನೇರ ಎದುರಾದ ಪಕ್ಷ. ಹಾಗಿದ್ದರೂ, ಪೋಲೆಂಡಿನ ಆರ್ಥಿಕ ಏರಿಳಿತಗಳನ್ನು ಕುರಿತ ಲಾಂಗೆಯವರ ಡಾಕ್ಟರೇಟ್ ಪ್ರಬಂಧವು 1928ರಲ್ಲಿ ಕ್ಷಿಜಾನೋವ್ಸ್ಕಿಯವರ ಮಾರ್ಗದರ್ಶನದಲ್ಲಿಯೇ ಸಿದ್ಧವಾಯಿತು. ಶಿಷ್ಯನ ಪಕ್ಷ ಯಾವುದೆಂದು ಗುರು ನೋಡಲಿಲ್ಲ. ವಿಚಾರಶಕ್ತಿ ಎಂಥದೆಂದು ನೋಡಿದರು.

ಈ ಇಬ್ಬರ ದಾರಿಗಳು ಬೇರೆ ಬೇರೆ ಕಡೆಗೆ ಸಾಗಿದವು. ಬ್ರೆಸ್ತ್ ಅನ್ಯಾಯವನ್ನು ಪ್ರತಿಭಟಿಸಿದ ಹೈಡೆಲರು 1933ರಲ್ಲಿ ತಮ್ಮ ಪ್ರಾಧ್ಯಾಪಕ ಪೀಠವನ್ನೇ ಕಳೆದುಕೊಂಡರು. ಲಾಂಗೆಯವರು ಅಮೆರಿಕಕ್ಕೆ ತೆರಳಿ ಷಿಕಾಗೋದಲ್ಲಿ ಪ್ರಾಧ್ಯಾಪಕರಾದರು. ಸಮಾಜವಾದಿ ರಾಜ್ಯದಲ್ಲಿಯೂ ಯೋಜನೆ ಹಾಕುವವರು ವಸ್ತುಗಳ ಅಭಾವವನ್ನೂ ಬೇಡಿಕೆಯನ್ನೂ ಬೆಲೆಗಳ ಮೂಲಕವೇ ಅರಿಯಬೇಕೆಂದು 1936-37ರ ತಮ್ಮ ಪ್ರಸಿದ್ಧ ಬರಹದಲ್ಲಿ ವಾದಿಸಿದರು. ಗುರುವನ್ನು ಒಪ್ಪದ ಶಿಷ್ಯನ ಈ ವಾದದಲ್ಲಿಯೂ ಕ್ರಾಕೋವಿನ ಪಾಠದ ನೆರಳನ್ನು ನಾವು ಕಾಣುತ್ತೇವೆ. ಭಾರತವು ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ಸಿದ್ಧಗೊಳಿಸುತ್ತಿದ್ದಾಗ, ಮಹಾಲನೋಬಿಸ್‌ರವರು ಕಲಕತ್ತೆಯ ತಮ್ಮ ಸಂಸ್ಥೆಗೆ ಬರಮಾಡಿಕೊಂಡ ವಿದೇಶೀ ವಿದ್ವಾಂಸರಲ್ಲಿ ಈ ಲಾಂಗೆಯವರೂ ಒಬ್ಬರಾಗಿದ್ದರು.

1939ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೈನ್ಯ ಪೋಲೆಂಡಿನ ಮೇಲೆ ನುಗ್ಗಿತು. ನವೆಂಬರ್ 6ರಂದು ಉಪನ್ಯಾಸವೊಂದರ ನೆಪದಲ್ಲಿ ಕ್ರಾಕೋವಿನ ಪಂಡಿತರನ್ನು ವಿಶ್ವವಿದ್ಯಾನಿಲಯದ ಸಭಾಂಗಣಕ್ಕೆ ಕರೆಸಿ 183 ಮಂದಿಯನ್ನು ಬಂಧಿಸಲಾಯಿತು. ಅವರಲ್ಲಿ 66 ವರ್ಷದ ಕ್ಷಿಜಾನೋವ್ಸ್ಕಿಯವರೂ ಇದ್ದರು, ಹೈಡೆಲರೂ ಇದ್ದರು. ಹೆಚ್ಚಿನವರನ್ನು ಜರ್ಮನಿಯ ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ ಸಾಗಿಸಿದರು. ಚಳಿ, ಹಸಿವೆ, ಹೊಡೆತಗಳಿಂದ ಹಲವರು ಪ್ರಾಣಬಿಟ್ಟರು. ಜಗತ್ತಿನ ವಿದ್ವಾಂಸರ ಪ್ರತಿಭಟನೆಯಿಂದಾಗಿ 1940ರ ಆರಂಭದಲ್ಲಿ ಹಿರಿಯರಿಗೆ ಬಿಡುಗಡೆಯಾಯಿತು. ಗುರುಶಿಷ್ಯರು ಮರಳಿ ಬಂದರು. ಆದರೆ ಹೈಡೆಲರನ್ನು ಮತ್ತೊಮ್ಮೆ ಸೆರೆಹಿಡಿದು, 1941ರ ಮಾರ್ಚಿಯಲ್ಲಿ ಔಷ್ವಿಟ್ಸ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ಆಗ ಅವರಿಗೆ 47 ವರ್ಷ. ಪ್ರಿಯ ಶಿಷ್ಯನ ಅಂತ್ಯವನ್ನು ಕೇಳುವ ದುರ್ದಿನ ವೃದ್ಧ ಗುರುವಿಗೆ ಒದಗಿತು.

ಯುದ್ಧ ಮುಗಿದ ಮೇಲೆ ಕ್ಷಿಜಾನೋವ್ಸ್ಕಿಯವರು ಕೆಲಕಾಲ ದೇಶದ ಶಾಸನಸಭೆಯಲ್ಲಿ ಸದಸ್ಯರಾಗಿದ್ದರು. ಆದರೆ ಕಮ್ಯೂನಿಸ್ಟ್ ಆಳಿಕೆ ಬಿಗಿಗೊಂಡಂತೆ ಉದಾರ ಅರ್ಥಶಾಸ್ತ್ರಕ್ಕೆ ವಿದ್ಯಾಲಯಗಳಲ್ಲಿ ಎಡೆಯಿಲ್ಲದಾಯಿತು. ಒಂದೇ ಮತವನ್ನು ಕಲಿಸಬೇಕೆಂಬ ಕಾಲ ಅದು. ಆಗ ಹೊಸ ರಾಜ್ಯದಲ್ಲಿ ಉನ್ನತ ಪದವಿಗಳನ್ನು ವಹಿಸಿದವರಲ್ಲಿ ಲಾಂಗೆಯವರೂ ಒಬ್ಬರು. ಎರಡೂ ಮತಗಳಿಗೆ ತಮ್ಮ ಕೊಠಡಿಯಲ್ಲಿ ಎಡೆಗೊಟ್ಟಿದ್ದ ಗುರುವಿನ ಮತಕ್ಕೆ, ಶಿಷ್ಯನು ಸೇವೆ ಸಲ್ಲಿಸಿದ ರಾಜ್ಯದಲ್ಲಿ ಎಡೆ ದೊರೆಯಲಿಲ್ಲ. ಇದು ಚರಿತ್ರೆಯ ವಿಪರ್ಯಾಸ. ಕ್ಷಿಜಾನೋವ್ಸ್ಕಿಯವರು 1963ರ ಜನವರಿಯಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ, ಹುಟ್ಟಿದೂರಾದ ಕ್ರಾಕೋವಿನಲ್ಲಿಯೇ ಕೀರ್ತಿಶೇಷರಾದರು.

1989ರಲ್ಲಿ ಪೋಲೆಂಡಿನ ಆಡಳಿತ ಬದಲಾಯಿತು. ಆ ವೇಳೆಗೆ ಬೆಲೆಗಳು ಮತ್ತೆ ಮುಗಿಲು ಮುಟ್ಟಿದ್ದವು. 1995ರಲ್ಲಿ 10,000 ಹಳೆಯ ಜ್ಲೋಟಿಗಳಿಗೆ ಒಂದು ಹೊಸ ಜ್ಲೋಟಿಯನ್ನು ಕೊಟ್ಟು ನಾಣ್ಯವನ್ನು ಸರಿಪಡಿಸಬೇಕಾಯಿತು. ನಾಣ್ಯವು ನಂಬಿಕೆಯ ಮೇಲೆ ನಿಂತಿದೆಯೆಂಬ ಕ್ರಾಕೋವಿನ ಹಳೆಯ ಪಾಠವನ್ನು ದೇಶವು ಎರಡನೆಯ ಬಾರಿ ಕಲಿಯಿತು.

ಅವರ ಆರ್ಥಿಕ ಸಿದ್ಧಾಂತಗಳನ್ನು ನಾವು ಮುಂದೆ ಓದಿ ಒಪ್ಪಬಹುದು, ಒಪ್ಪದೆಯೂ ಇರಬಹುದು. ಒಪ್ಪದಿದ್ದರೆ ಅವರು ನೊಂದುಕೊಳ್ಳುತ್ತಿರಲಿಲ್ಲವೆಂಬುದಕ್ಕೆ ಲಾಂಗೆಯವರೇ ಸಾಕ್ಷಿ. ಚರ್ಚಾಕೂಟದಲ್ಲಿ ನಮ್ಮ ಎದುರು ಪಕ್ಷದ ಗೆಳೆಯನು ಮಾತನಾಡಲು ಎದ್ದುನಿಂತಾಗ, ಗದ್ದಲಮಾಡದೆ ಕೊನೆಯವರೆಗೆ ಕಿವಿಗೊಟ್ಟು ಕೇಳಿದರೆ, ಕ್ರಾಕೋವಿನ ಆ ವೃದ್ಧ ಗುರುವಿನ ಪಾಠ ನಮ್ಮ ಶಾಲೆಯವರೆಗೂ ಬಂದು ಮುಟ್ಟಿದಂತೆಯೇ ಸರಿ.